ಎರೆ ನೆಲದಲ್ಲಿ ಮನೆಗೊಂದು ದಾರಿ: ಮುರುಮ್, ಖಡಿ, ಫರ್ಸಿ, ಕಾಂಕ್ರೀಟ್ – ಯಾವುದು ಯಾರಿಗೆ?

ಎರಡು ಟಿಪ್ಪರ್ ಖಡಿ (ಜಲ್ಲಿ ಕಲ್ಲು) ಒಂದೇ ಮಳೆಗಾಲದಲ್ಲಿ ನೆಲದೊಳಗೆ ಇಳಿದು ಹೋಯಿತು. ನಮ್ಮ ಮನೆ ಇರುವುದು ಕಲಬುರಗಿಯ ಹೊರಗೆ, ಆಳಂದ ರಸ್ತೆಯ ಕಡೆ. ಡಾಂಬರು ರಸ್ತೆಯಿಂದ ಬಾಗಿಲಿಗೆ 150 ಅಡಿ, ಪೂರಾ ಎರೆ ನೆಲ. ಮೇ ತಿಂಗಳಲ್ಲಿ ಗುತ್ತಿಗೆದಾರರೊಬ್ಬರು ಆ ನೆಲದ ಮೇಲೆ ನೇರವಾಗಿ ಖಡಿ ಸುರಿದರು. ಟ್ರ್ಯಾಕ್ಟರ್ ಓಡಿಸಿ ಮಟ್ಟ ಮಾಡಿ, ದುಡ್ಡು ತಗೊಂಡು ಹೋದರು. ನೋಡಲು ಚೆಂದ ಇತ್ತು. ಸೆಪ್ಟೆಂಬರ್‌ನಲ್ಲಿ ಉತ್ತರಿ ಮಳೆ ನಾಲ್ಕು ದಿನ ಹಿಡಿಯಿತು. ಕಂಪೌಂಡ್ ಕೆಲಸಕ್ಕೆ ಸಿಮೆಂಟ್ ತಂದ ಲಾರಿ ಒಳಗೆ ಬಂದು ಹೋಯಿತು. ಗಾಲಿ ಹಾದ ಕಡೆಯೆಲ್ಲ ಖಡಿ ಕೆಳಗೆ, ಕರಿ ಕೆಸರು ಮೇಲೆ. ಡಿಸೆಂಬರ್‌ನಲ್ಲಿ ಅಗೆದು ನೋಡಿದರೆ ಒಂಬತ್ತು ಇಂಚು ಕೆಳಗೆ ಕಲ್ಲು ಸಿಕ್ಕವು. ಒಂದೊಂದು ಕಲ್ಲೂ ಮಣ್ಣಿನ ಮುದ್ದೆಯೊಳಗೆ, ಕಡುಬಿನೊಳಗಿನ ಹೂರಣದ ಹಾಗೆ ಕೂತಿತ್ತು.

ಎರಡನೇ ಸಲ ಮಾಡಿಸುವಾಗ ಬಂದ ಮೇಸ್ತ್ರಿ ಅಗೆದ ಗುಂಡಿ ನೋಡಿ ಹೇಳಿದ್ದು ಇಷ್ಟೇ: "ಎರಿ ಮ್ಯಾಲ ಬರೇ ಖಡಿ ಹಾಕಿದ್ರ ನೆಲ ನುಂಗ್ತದ್ರಿ. ಮೊದಲ ನೀರ ಎತ್ಲಾಗ ಹೋಗ್ತದ ತೋರಸ್ರಿ."

ಆಮೇಲೆ ಒಂದು ವರ್ಷ ನಾನು ಕಂಡ ಕಂಡ ದಾರಿಗಳನ್ನೆಲ್ಲ ನೋಡಿದೆ. ಬೀದರ್‌ನಲ್ಲಿ ತಂಗಿಯ ಮನೆ ಇದೆ, ಶಹಾಪುರದ ಹತ್ತಿರ ಸೋದರಮಾವನ ಹೊಲದ ಮನೆ ಇದೆ. ಮೂರೂ ಕಡೆ ನೆಲ ಬೇರೆ, ಹಾಗಾಗಿ ದಾರಿಯೂ ಬೇರೆ. ಮೇಲೆ ಏನು ಹಾಸಬೇಕು ಅನ್ನುವುದನ್ನು ಕೆಳಗಿನ ಮಣ್ಣು ತೀರ್ಮಾನಿಸುತ್ತದೆ. ಅದಕ್ಕೇ ಈ ಹೋಲಿಕೆಯನ್ನು ಮಣ್ಣಿನಿಂದಲೇ ಶುರು ಮಾಡುತ್ತೇನೆ.

ಮೊದಲು ಎರಡು ಬಾಟಲಿ

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಅನ್ನುವ ಜೇಡಿ ತನ್ನ ಪದರಗಳ ನಡುವೆ ನೀರನ್ನು ಎಳೆದು ಇಟ್ಟುಕೊಳ್ಳುತ್ತದೆ. ಏಪ್ರಿಲ್-ಮೇನಲ್ಲಿ ನಮ್ಮ ಹೊಲಗಳಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ ಅಲ್ವಾ? ಅದೇ ಮಣ್ಣು ಸೆಪ್ಟೆಂಬರ್‌ನಲ್ಲಿ ಬಿರುಕು ಮುಚ್ಚಿಕೊಂಡು ಮೇಲೇಳುತ್ತದೆ. ತೊಗರಿಗೆ ಇದು ಬಂಗಾರದಂಥ ನೆಲ. ದಾರಿಗೆ ಮಾತ್ರ ಕಷ್ಟ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆ ಅಂತ ಮನೆಯಲ್ಲೇ ನೋಡಬಹುದು. ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆಯ ಸರಳ ರೂಪ ಇದು. ಮಣ್ಣನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ. ಒಂದೇ ಅಳತೆಯ ಎರಡು ಗಾಜಿನ ಬಾಟಲಿ ತಗೊಳ್ಳಿ. ಔಷಧಿಯ ಅಳತೆ ಮುಚ್ಚಳದಿಂದ ಎರಡಕ್ಕೂ 10 ಮಿಲಿಯಷ್ಟು ಪುಡಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ. ಗುಳ್ಳೆ ಹೋಗುವ ಹಾಗೆ ಕಡ್ಡಿಯಿಂದ ಕಲಕಿ, ಒಂದು ದಿನ ಸುಮ್ನೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಇದ್ದಷ್ಟೇ ಇರುತ್ತದೆ. ನೀರಿನ ಬಾಟಲಿಯಲ್ಲಿ ಎಷ್ಟು ಏರಿತೋ ಅದೇ ನಿಮ್ಮ ನೆಲದ ಗುಣ. ಅರ್ಧದಷ್ಟು ಜಾಸ್ತಿ ಏರಿದರೆ ಆ ನೆಲವನ್ನು ನಂಬಬೇಡಿ. ನಮ್ಮದು ಅರ್ಧಕ್ಕಿಂತ ಜಾಸ್ತಿ ಏರಿತ್ತು. ಅಡುಗೆಮನೆ ಕಿಟಕಿಯಲ್ಲಿ ಬೆಳಿಗ್ಗೆ ಎರಡೂ ಬಾಟಲಿ ಪಕ್ಕಪಕ್ಕ ನೋಡಿದಾಗ, ಹಿಂದಿನ ವರ್ಷ ನಮ್ಮ ದಾರಿಗೆ ಏನಾಯಿತು ಅಂತ ತಿಳಿಯಿತು. ಆಮೇಲೆ ತಂದ ಮುರುಮ್, ಅಂದರೆ ಹರಳು ಹರಳಾದ ಗರಸು ಮಣ್ಣು, ಎರಡರಲ್ಲೂ ಹೆಚ್ಚುಕಡಿಮೆ ಸಮ ನಿಂತಿತು.

ಹಿಮದ ನಾಡಿನಲ್ಲೂ ಇದೇ ಗೋಳು

ಕಾಕಾನ ಮಗ ಕೆನಡಾದ ವಿನ್ನಿಪೆಗ್ ಕಡೆ ಇದ್ದಾನೆ. ಅವನ ಮನೆಯ ಮುಂದೂ ಖಡಿ ದಾರಿ. ಅಲ್ಲಿ ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತದೆ. ನೆಲ ಐದಾರು ಅಡಿ ಆಳದವರೆಗೂ ಹೆಪ್ಪುಗಟ್ಟುತ್ತದೆ. ಅವನ ಜೊತೆ ಮಾತಾಡಿದಾಗ ನನಗೆ ಆಶ್ಚರ್ಯ ಆಗಿದ್ದು, ಇಬ್ಬರ ತೊಂದರೆಯೂ ಒಂದೇ ಅನ್ನುವುದು. ಅಲ್ಲಿ ನೆಲ ಎತ್ತುವುದು ಮಂಜುಗಡ್ಡೆ, ಇಲ್ಲಿ ಎತ್ತುವುದು ಎರೆ.

ನೀರು ಹೆಪ್ಪುಗಟ್ಟಿದಾಗ ಸುಮಾರು 9 ಭಾಗ ಹಿಗ್ಗುತ್ತದೆ, ನೂರಕ್ಕೆ. ಆದರೆ ದಾರಿ ಎದ್ದು ನಿಲ್ಲುವುದು ಅಷ್ಟರಿಂದಲೇ ಅಲ್ಲ. ನುಣುಪು ಮಣ್ಣು ಕೆಳಗಿನ ತೇವವನ್ನು ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಮೇಲಕ್ಕೆ ಎಳೆಯುತ್ತದೆ. ಹೆಪ್ಪುಗಟ್ಟಿದ ಮಟ್ಟದಲ್ಲಿ ಅದು ಪದರ ಪದರವಾಗಿ ಮಂಜುಗಡ್ಡೆ ಆಗಿ ಬೆಳೆಯುತ್ತಾ ಹೋಗುತ್ತದೆ. ಆ ಪದರ ದಾರಿಯನ್ನೇ ಎತ್ತುತ್ತದೆ. ನಿಜವಾದ ಕಷ್ಟ ಬರುವುದು ಹಿಮ ಕರಗುವಾಗ. ಮೇಲಿನ ಒಂದೆರಡು ಅಡಿ ಕರಗಿರುತ್ತದೆ, ಕೆಳಗೆ ಇನ್ನೂ ಗಟ್ಟಿ. ನೀರಿಗೆ ಇಳಿಯಲು ಜಾಗವೇ ಇಲ್ಲ. "ಅಣ್ಣಾ, ಏಪ್ರಿಲ್‌ನಾಗ ನಮ್ಮ ದಾರಿ ನಿಮ್ಮ ಸೆಪ್ಟೆಂಬರ್ ದಾರಿ ಆಗ್ತದ" ಅಂತ ಅವನು ಹೇಳುತ್ತಾನೆ.

ಅವರು ಮಾಡುವುದು ಮೂರು ಕೆಲಸ. ಮೇಲಿನ ಮೆತ್ತನೆ ಮಣ್ಣು ತೆಗೆದು ಜಿಯೋಟೆಕ್ಸ್‌ಟೈಲ್ ಬಟ್ಟೆ (ಮಣ್ಣು, ಕಲ್ಲು ಬೆರೆಯದ ಹಾಗೆ ತಡೆಯುವ ಗಟ್ಟಿ ಬಟ್ಟೆ) ಹಾಸುತ್ತಾರೆ. ಅದರ ಮೇಲೆ ಪುಡಿ ಕಡಿಮೆ ಇರುವ ದಪ್ಪ ಖಡಿಯ ಪದರ ಹಾಕುತ್ತಾರೆ, ಯಾಕೆಂದರೆ ದೊಡ್ಡ ಕಲ್ಲಿನ ನಡುವೆ ನೀರು ಮೇಲೆ ಏರುವುದಿಲ್ಲ. ಪಕ್ಕದಲ್ಲಿ ಆಳವಾದ ಗಟಾರ ತೋಡುತ್ತಾರೆ. ಚಳಿಗಾಲದಲ್ಲಿ ಹಿಮ ತಳ್ಳುವಾಗ ಯಂತ್ರದ ಹಲಗೆಯನ್ನು ನೆಲಕ್ಕೆ ತಾಗಿಸದೆ ಸ್ವಲ್ಪ ಎತ್ತಿ ಹಿಡಿಯುತ್ತಾರೆ. ಇಲ್ಲದಿದ್ದರೆ ಖಡಿಯೆಲ್ಲ ಹಿಮದ ಜೊತೆ ಹುಲ್ಲಿನ ಮೇಲೆ ಹೋಗಿ ಬೀಳುತ್ತದೆ. ಹಿಮ ಕರಗಿ ನೆಲ ಒಣಗಿದ ಮೇಲೆ ಒಂದು ಸಲ ಹರವಿ ಮಟ್ಟ ಮಾಡಿದರೆ ದಾರಿ ಮತ್ತೆ ಸರಿ. ಕಾಂಕ್ರೀಟ್ ಆಗಿದ್ದರೆ ಬಿರುಕು ಬಿಟ್ಟ ತುಂಡನ್ನು ಒಡೆದು ತೆಗೆಯಬೇಕಿತ್ತು.

ನಾನು ಇಲ್ಲಿಂದ ಕಲಿತದ್ದು ಒಂದೇ. ಅಲುಗಾಡುವ ನೆಲದ ಮೇಲೆ, ಒಡೆದರೆ ಕೂಡದ ಹಾಸಿಗಿಂತ ಹಾರೆ-ಬುಟ್ಟಿಯಲ್ಲಿ ರಿಪೇರಿ ಆಗುವ ಹಾಸು ವಾಸಿ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಅವರಿಗೆ ತಳದಲ್ಲಿ ಪುಡಿ ಬೇಡ. ನಮಗೆ ತಳದಲ್ಲಿ ಸ್ವಲ್ಪ ಅಂಟು ಇರುವ, ಆದರೆ ಉಬ್ಬದ ಮಣ್ಣು ಬೇಕು. ಅದೇ ಮುರುಮ್. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ಎರೆ ಮಣ್ಣಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದೂ ಇದನ್ನೇ. ಉಬ್ಬದ ಅಂಟು ಮಣ್ಣಿನ ದಪ್ಪ ಪದರ ಮೇಲಿದ್ದರೆ ಕೆಳಗಿನ ಎರೆಯ ಆಟ ಮೇಲಕ್ಕೆ ಬರುವುದು ತುಂಬಾ ಕಡಿಮೆಯಾಗುತ್ತದೆ. ಕಟ್ಟಡ, ಕಾಲುವೆಗಳಿಗೆ ಆ ಪದರ ಒಂದು ಮೀಟರ್‌ವರೆಗೂ ಬೇಕು. ಮನೆ ದಾರಿಗೆ ಒಂದು ಅಡಿ ಹಾಕಿದರೂ ಫರಕು ಕಾಣುತ್ತದೆ.

ಮುರುಮ್ ಬದಲು ಮರಳು ಹಾಕಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಎರೆ ನೆಲದಲ್ಲಿ ತೋಡಿ ಮರಳು ತುಂಬಿದರೆ ಅದು ನೀರಿನ ತೊಟ್ಟಿ ಆಗುತ್ತದೆ. ಮಳೆ ನೀರು ಮರಳಿನಲ್ಲಿ ಸಲೀಸಾಗಿ ಇಳಿದು, ಎರೆಯ ಮೇಲೆ ನಿಂತು, ಅದನ್ನೇ ನೆನೆಸುತ್ತಾ ಇರುತ್ತದೆ.

ಈಗ ಒಂದೊಂದಾಗಿ

ಬರೀ ಮುರುಮ್ ಎಲ್ಲಕ್ಕಿಂತ ಅಗ್ಗ. ಹೊಲದ ದಾರಿ, ಬೈಕು, ಅಪರೂಪಕ್ಕೆ ಟ್ರ್ಯಾಕ್ಟರ್ ಅಂದರೆ ಇದು ಸಾಕು. ಆದರೆ ದಿನಾ ಕಾರು ಓಡುವ ಕಡೆ ಮಳೆಗಾಲದಲ್ಲಿ ಮೇಲ್ಮೈ ಜಾರುತ್ತದೆ, ಬೇಸಿಗೆಯಲ್ಲಿ ಧೂಳು ಏಳುತ್ತದೆ. ಕೆಂಪು ಮುರುಮ್ ಆದರೆ ಮನೆಯೊಳಗಿನ ಫರ್ಸಿಯ ಮೇಲೆಲ್ಲ ಕೆಂಪು ಹೆಜ್ಜೆ. ಟಿಪ್ಪರ್ ಇಳಿಸುವ ಮುಂಚೆ ಒಂದು ಹಿಡಿ ತಗೊಂಡು ನೀರು ಹಾಕಿ ಕಲಸಿ ನೋಡಿ. ಬೆರಳಿಗೆ ಹರಳು ಹರಳಾಗಿ ತಾಗಬೇಕು. ರೊಟ್ಟಿ ಹಿಟ್ಟಿನ ಹಾಗೆ ನುಣ್ಣಗೆ ಆದರೆ ಅದು ಮುರುಮ್ ಹೆಸರಿನ ಬರೀ ಮಣ್ಣು, ವಾಪಸ್ ಕಳಿಸಿ.

ಮುರುಮ್ ಮೇಲೆ ಖಡಿ. ಎರೆ ನೆಲದಲ್ಲಿ 50 ಅಡಿಗಿಂತ ಉದ್ದದ ದಾರಿಗೆ ನನ್ನ ಆಯ್ಕೆ ಇದೇ. ನಮ್ಮ ಮನೆಗೆ ಕೊನೆಗೆ ಮಾಡಿಸಿದ್ದೂ ಇದನ್ನೇ. ಖಡಿ ಮಷಿನ್‌ನಲ್ಲಿ ಒಡೆದ, ಮೂಲೆ ಚೂಪಾಗಿರುವ ಕಲ್ಲೇ ಬೇಕು. ಚೂಪು ಮೂಲೆಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ. ಹೊಳೆಯ ದುಂಡು ಕಲ್ಲು ಗಾಲಿಯ ಕೆಳಗೆ ಉರುಳುತ್ತಲೇ ಇರುತ್ತದೆ, ಎಷ್ಟು ರೋಲರ್ ಹೊಡೆದರೂ ಕೂರುವುದಿಲ್ಲ. ಕೆಳಗೆ 40 ಮಿಲಿಮೀಟರ್, ಮೇಲೆ 20 ಮಿಲಿಮೀಟರ್ ಖಡಿಗೆ ಕ್ರಷರ್ ಡಸ್ಟ್ (ಕಲ್ಲು ಒಡೆಯುವಾಗ ಬರುವ ಪುಡಿ) ಬೆರೆಸಿ ಹಾಕಿಸಿ. ಡಸ್ಟ್ ಇಲ್ಲದ ಬರೀ 20 ಮಿಲಿಮೀಟರ್ ಖಡಿ ಹಾಕಿಸಿದರೆ ಸಮುದ್ರ ದಂಡೆಯಲ್ಲಿ ನಡೆದ ಹಾಗೆ ಕಾಲು ಹೂತು ಹೋಗುತ್ತದೆ.

ಇಲ್ಲೊಂದು ವಿಷಯ ನಾನು ಮೊದಲು ಯೋಚಿಸಿರಲಿಲ್ಲ. ನಮ್ಮ ಅವ್ವನಿಗೆ 74 ವರ್ಷ, ಕೋಲು ಹಿಡಿದು ನಡೆಯುತ್ತಾಳೆ. ಹೊಸ ಖಡಿಯ ಮೇಲೆ ಕೋಲು ನಿಲ್ಲುತ್ತಿರಲಿಲ್ಲ. ಎರಡು ದಿನ ಅವಳು ಗೇಟಿನ ತನಕ ಬರಲೇ ಇಲ್ಲ. ಮೂರನೇ ದಿನ ಕೇಳಿದಾಗ "ಖಡಿ ಮ್ಯಾಲ ಅಂಜಿಕಿ ಬರ್ತದಪಾ" ಅಂದಳು. ಅದಕ್ಕೆ ದಾರಿಯ ಒಂದು ಬದಿಗೆ ಮೂರು ಅಡಿ ಅಗಲ ಫರ್ಸಿ ಹಾಸಿಸಿದೆವು. ಈಗ ಸಂಜೆ ಗೇಟಿನ ಕಟ್ಟೆಗೆ ಒಬ್ಬಳೇ ಬಂದು ಕೂರುತ್ತಾಳೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಗಾಲಿಕುರ್ಚಿ ಇದ್ದರೆ, ನಡೆಯುವ ಪಟ್ಟಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಫರ್ಸಿ ನಮ್ಮೂರ ಕಲ್ಲು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲದಡಿ ಪದರ ಪದರವಾಗಿ ಇರುವ ಸುಣ್ಣದ ಕಲ್ಲು ಅದು. ಗಣಿಗೆ ಹತ್ತಿರ ಇದ್ದಷ್ಟೂ ಸಾಗಣೆ ಕಡಿಮೆ. ನಡೆಯಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಕಾರು ಓಡಿಸಬೇಕಾದರೆ ಜಾಗ್ರತೆ ಬೇಕು. ಮನೆಯೊಳಗೆ ಹಾಸುವ ತೆಳು ಫರ್ಸಿ ಗಾಲಿ ಭಾರಕ್ಕೆ ಒಡೆಯುತ್ತದೆ. ಎರಡು ಇಂಚಿಗಿಂತ ದಪ್ಪ ಇರುವ, ಪಾಲಿಶ್ ಮಾಡದ ಕಲ್ಲು ಕೇಳಿ. ದೊಡ್ಡ ಹಲಗೆಗಿಂತ ಸಣ್ಣ ತುಂಡು ಒಳ್ಳೆಯದು. ದೊಡ್ಡ ಕಲ್ಲಿನ ಕೆಳಗೆ ಎಲ್ಲಾದರೂ ಟೊಳ್ಳಿದ್ದರೆ ಅಲ್ಲೇ ಮುರಿಯುತ್ತದೆ. ಹಾಸಿದ ಮೇಲೆ ಪ್ರತಿ ಕಲ್ಲನ್ನೂ ಕೋಲಿನಿಂದ ತಟ್ಟಿ ಸದ್ದು ಕೇಳಿ, ಟೊಳ್ಳು ಸದ್ದು ಬಂದರೆ ಎತ್ತಿ ಮತ್ತೆ ಕೂರಿಸಿ. ಗಣಿಗಳ ಪಕ್ಕ ಗುಡ್ಡದಂತೆ ಬಿದ್ದಿರುವ ಫರ್ಸಿ ಚೂರು ಸಿಕ್ಕರೆ ತಳದ ಸೋಲಿಂಗ್‌ಗೆ, ಅಂದರೆ ಕೆಳಪದರದ ಕಲ್ಲು ಜೋಡಣೆಗೆ ಬಳಸಿ. ಚಪ್ಪಟೆ ಇರುವುದರಿಂದ ಸುಮ್ನೆ ಸುರಿದರೆ ಕಚ್ಚುವುದಿಲ್ಲ. ಕೈಯಿಂದ ನಿಲ್ಲಿಸಿ ಜೋಡಿಸಿ, ಸಂದಿಗೆ ಮುರುಮ್ ತುಂಬಬೇಕು.

ಕಾಂಕ್ರೀಟ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಸಿಮೆಂಟ್ ಕಾರ್ಖಾನೆಗಳು ವಾಡಿ, ಸೇಡಂನಲ್ಲೇ ಇರುವುದರಿಂದ ನಮ್ಮ ಕಡೆ ಜನ ಮೊದಲು ಇದನ್ನೇ ಯೋಚಿಸುತ್ತಾರೆ. ಗೇಟಿನಿಂದ ಪೋರ್ಚಿಗೆ 20–30 ಅಡಿ ಇದ್ದರೆ ಹಾಕಿಸಿ, ತಪ್ಪಿಲ್ಲ. ಉದ್ದ ದಾರಿಗೆ, ಅದೂ ಎರೆಯ ಮೇಲೆ, ಬೇಡ. ಚಪ್ಪಡಿಯ ನಡುಭಾಗದ ಕೆಳಗಿನ ಮಣ್ಣು ಬೇಸಿಗೆಯಲ್ಲೂ ತಂಪಾಗಿ ಉಬ್ಬಿಯೇ ಇರುತ್ತದೆ. ಅಂಚಿನ ಮಣ್ಣು ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಅಂಚಿನ ಕೆಳಗೆ ಆಸರೆ ಹೋಗುತ್ತದೆ, ಅದರ ಮೇಲೆ ಟ್ಯಾಂಕರ್ ಹತ್ತಿದರೆ ಉದ್ದಕ್ಕೂ ಬಿರುಕು. ಪಕ್ಕದಲ್ಲಿ ದೊಡ್ಡ ಬೇವಿನ ಮರ ಇದ್ದರೆ ಬೇರು ನೀರು ಎಳೆದು ಇನ್ನೂ ಬೇಗ ಆಗುತ್ತದೆ. ಹಾಕಿಸಲೇಬೇಕು ಅಂದರೆ ಕೆಳಗೆ ಒಂದೂವರೆ ಅಡಿ ಮುರುಮ್ ಬೇಕು, 10–12 ಅಡಿಗೊಂದು ಜಾಯಿಂಟ್ ಬೇಕು. ಏಪ್ರಿಲ್‌ನ 40 ಡಿಗ್ರಿ ಬಿಸಿಲಲ್ಲಿ ಗೋಣಿಚೀಲ ಹಾಸಿ ವಾರಕ್ಕಿಂತ ಜಾಸ್ತಿ ನೀರು ಹಿಡಿಯಬೇಕು. ಭೀಮಾ ನದಿ ದಂಡೆಯ ಊರುಗಳ ಮಾತು ಬೇರೆ. 2020ರ ಅಕ್ಟೋಬರ್ ಪ್ರವಾಹದಂಥ ನೀರು ಹರಿದರೆ ಖಡಿ ಉಳಿಯುವುದಿಲ್ಲ. ಅಲ್ಲಿ ನೀರು ದಾಟುವಷ್ಟು ಭಾಗಕ್ಕೆ ಕಾಂಕ್ರೀಟೇ ಸರಿ.

ಪೇವರ್ ಬ್ಲಾಕ್ ಎರಡನೇ ಒಳ್ಳೆಯ ಆಯ್ಕೆ. ಕುಸಿದ ಕಡೆ ಎತ್ತಿ, ಮಟ್ಟ ಮಾಡಿ ಮತ್ತೆ ಕೂರಿಸಬಹುದು. ವಾಹನಕ್ಕೆ 80 ಮಿಲಿಮೀಟರ್ ದಪ್ಪದ್ದು ತಗೊಳ್ಳಿ, 60ರದ್ದು ನಡೆಯುವ ಜಾಗಕ್ಕೆ. ಅಂಚಿನ ಕಟ್ಟೆ ಗಟ್ಟಿ ಇರಲಿ, ಇಲ್ಲದಿದ್ದರೆ ಬ್ಲಾಕು ಪಕ್ಕಕ್ಕೆ ಸರಿಯುತ್ತವೆ.

ಎರೆಗೆ ಸುಣ್ಣ ಬೆರೆಸಿ ಗಟ್ಟಿ ಮಾಡುವ ಕ್ರಮವೂ ಇದೆ. ಅದು ನಿಜಕ್ಕೂ ಕೆಲಸ ಮಾಡುತ್ತದೆ, ದೊಡ್ಡ ರಸ್ತೆಗಳಿಗೆ ಬಳಸುತ್ತಾರೆ. ಮನೆ ದಾರಿಗೆ ಕೈಯಿಂದ ಸಮವಾಗಿ ಬೆರೆಸುವುದು ಕಷ್ಟ. ನೀರು ಹಾಕಿ ಅರಳಿಸದ ಸುಟ್ಟ ಸುಣ್ಣ ಕಣ್ಣು, ಚರ್ಮಕ್ಕೆ ಅಪಾಯ.

ಬೀದರ್ ಮತ್ತು ಯಾದಗಿರಿಯವರಿಗೆ

ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ನೌಬಾದ್‌ನ ಕರೇಜ್ ನೋಡಿದ್ದೀರಲ್ಲ, ಬಹಮನಿ ಕಾಲದಲ್ಲಿ ಕಲ್ಲು ಕೊರೆದು ನೆಲದಡಿಯಲ್ಲಿ ನೀರು ಹರಿಸಿದ ಸುರಂಗ. ಆ ಕಲ್ಲು ನೀರನ್ನು ಕೆಳಗೆ ಬಿಟ್ಟುಕೊಡುವುದರಿಂದಲೇ ಕರೇಜ್ ಸಾಧ್ಯವಾಯಿತು. ಅಂಥ ನೆಲ ಇದ್ದವರು ಪುಣ್ಯವಂತರು. ತಂಗಿಯ ಮನೆಯಲ್ಲಿ ಮೇಲಿನ ಆರು ಇಂಚು ಮಣ್ಣು ಕೆರೆದು, ನಾಲ್ಕು ಇಂಚು ಖಡಿ-ಡಸ್ಟ್ ಹಾಕಿ ರೋಲರ್ ಹೊಡೆಸಿದರು, ಅಷ್ಟೇ. ಅಲ್ಲಿ ಕಾಂಕ್ರೀಟ್ ಕೂಡ ಹೆಚ್ಚು ತಕರಾರು ಮಾಡುವುದಿಲ್ಲ. ಔರಾದ್, ಭಾಲ್ಕಿ ಕಡೆ ಎರೆ ಹೊಲದಲ್ಲಿ ಮನೆ ಇದ್ದರೆ ಮಾತ್ರ ನಮ್ಮ ಲೆಕ್ಕವೇ ಹಿಡಿಯಬೇಕು.

ಯಾದಗಿರಿ, ಶಹಾಪುರ, ಸುರಪುರದ ಗುಡ್ಡಗಳು ಗ್ರಾನೈಟ್. ಅದರ ಗರಸು ಮತ್ತು ಖಡಿ ಎರಡೂ ಚೆನ್ನಾಗಿರುತ್ತವೆ. ಆದರೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರುವ ಭತ್ತದ ಸೀಮೆಯಲ್ಲಿ ನೆಲದಡಿಯ ತೇವ ಬೇಸಿಗೆಯಲ್ಲೂ ಆರುವುದಿಲ್ಲ. ಸೋದರಮಾವನ ಮನೆ ದಾರಿ ಎರಡು ಸಲ ಕುಸಿದದ್ದು ಅದಕ್ಕೇ. ಮೂರನೇ ಸಲ ಅಕ್ಕಪಕ್ಕದ ಗದ್ದೆಗಿಂತ ಎರಡು ಅಡಿ ಎತ್ತರಿಸಿ, ಕೆಳಗೆ ಬಟ್ಟೆ ಹಾಸಿ ಗರಸು ಹಾಕಿಸಿದರು. ಈಗ ಭತ್ತದ ಲಾರಿ ಹೋಗುತ್ತದೆ.

ಎಷ್ಟು ತರಿಸಬೇಕು, ಹೇಗೆ ಹಾಕಿಸಬೇಕು

ನಮ್ಮ ಕಡೆ ಲೆಕ್ಕ ಬ್ರಾಸ್‌ನಲ್ಲಿ. ಒಂದು ಬ್ರಾಸ್ ಅಂದರೆ 100 ಘನ ಅಡಿ. 100 ಅಡಿ ಉದ್ದ, 10 ಅಡಿ ಅಗಲದ ದಾರಿಗೆ ಒಂದು ಅಡಿ ಮುರುಮ್ ಅಂದರೆ 10 ಬ್ರಾಸ್. ರೋಲರ್ ಹೊಡೆದಾಗ ಕೂರುವುದಕ್ಕೆ ಕಾಲು ಭಾಗ ಜಾಸ್ತಿ ಸೇರಿಸಿ, ಹನ್ನೆರಡೂವರೆ. ಮೇಲೆ ನಾಲ್ಕು ಇಂಚು ಖಡಿಗೆ ಇನ್ನೂ ನಾಲ್ಕು ಬ್ರಾಸ್ ಹಿಡಿಯಿರಿ. ಟ್ರಾಲಿಯನ್ನು ಇಳಿಸುವ ಮುಂಚೆ ಟೇಪಿನಿಂದ ಉದ್ದ, ಅಗಲ, ಎತ್ತರ ಅಳೆಯಿರಿ. ಮುಜುಗರ ಬೇಡ, ಎಲ್ಲರೂ ಅಳೆಯುತ್ತಾರೆ.

ದಪ್ಪವನ್ನು ನಿಮ್ಮ ಸ್ಕೂಟರ್‌ಗೆ ಅಲ್ಲ, ಟ್ಯಾಂಕರ್‌ಗೆ ಲೆಕ್ಕ ಹಾಕಿ. 5000 ಲೀಟರ್ ಟ್ಯಾಂಕರ್‌ನಲ್ಲಿ ನೀರೇ 5 ಟನ್ ಇರುತ್ತದೆ.

ಎರೆಯನ್ನು ಒಂದು ಅಡಿ ತೆಗೆದು, ತಳವನ್ನು ಒತ್ತಿಸಿ, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಈ ಬಟ್ಟೆ ಖಡಿ ಕೆಳಗೆ ಇಳಿಯದ ಹಾಗೆ, ಕೆಸರು ಮೇಲೆ ಬರದ ಹಾಗೆ ತಡೆಯುತ್ತದೆ. ದುಡ್ಡು ಉಳಿಸಲು ಇದನ್ನು ಬಿಡಬೇಡಿ, ನಾವು ಅನುಭವಿಸಿದ್ದೇವೆ. ಮುರುಮನ್ನು ಒಂದೇ ಸಲ ಒಂದು ಅಡಿ ಸುರಿಸಬೇಡಿ. ಆರಾರು ಇಂಚಿನಂತೆ ಎರಡು ಪದರ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ರೋಲರ್. ದಾರಿಯ ನಡು ಎತ್ತರ ಇರಲಿ, ಒಂದು ಅಡಿ ಅಗಲಕ್ಕೆ ಅರ್ಧ ಇಂಚು ಇಳಿಜಾರು. 10 ಅಡಿ ದಾರಿಯಲ್ಲಿ ನಡು ಅಂಚಿಗಿಂತ ಎರಡೂವರೆ ಇಂಚು ಮೇಲೆ. ಮುಗಿದಾಗ ದಾರಿ ಅಕ್ಕಪಕ್ಕದ ನೆಲಕ್ಕಿಂತ ಎತ್ತರದಲ್ಲಿ ಇರಬೇಕು. ಎರಡೂ ಕಡೆ ಗಟಾರ, ಅದರ ನೀರು ಹೊರಗೆ ಹೋಗಲು ಒಂದು ಬಾಯಿ. ಅಡ್ಡ ಪೈಪ್ ಬೇಕಾದ ಕಡೆ ಒಂದು ಅಡಿಗಿಂತ ಸಣ್ಣ ಪೈಪ್ ಬೇಡ, ತೊಗರಿ ಕಟ್ಟಿಗೆ, ಪ್ಲಾಸ್ಟಿಕ್ ಸಿಕ್ಕಿ ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ. ಮುರುಮ್ ಕೆಲಸ ಮಾರ್ಚ್-ಏಪ್ರಿಲ್‌ನಲ್ಲಿ ಮುಗಿಸಿ. ಮಿರ್ಗ (ಮೃಗಶಿರಾ) ಮಳೆ ಒಂದೆರಡು ಬಿದ್ದು, ಎಲ್ಲೆಲ್ಲಿ ಕೂತಿದೆ ಅಂತ ಕಂಡ ಮೇಲೆ ಖಡಿ ಹಾಕಿಸಿದರೆ ಇನ್ನೂ ಒಳ್ಳೆಯದು. ನಾವು ಹಾಗೇ ಮಾಡಿದೆವು, ಮೂರು ತಗ್ಗು ಆಗಲೇ ಕಂಡವು.

ಮೇಲಿನ ನಿಗಾ

ವರ್ಷಕ್ಕೆ ಎರಡು ದಿನದ ಕೆಲಸ. ಮೇ ಕೊನೆಗೆ ಗಟಾರ ಬಳಿಯಬೇಕು, ದಾರಿಯ ಅಂಚಿನ ಬಿರುಕಿಗೆ ಮುರುಮ್ ತುಂಬಬೇಕು. ಬಿರುಕು ತೆರೆದಿದ್ದರೆ ಮೊದಲ ಮಳೆ ನೇರ ತಳಕ್ಕೆ ಇಳಿಯುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ, ನೆಲ ಇನ್ನೂ ಸ್ವಲ್ಪ ಹಸಿ ಇರುವಾಗಲೇ, ಅಂಚಿಗೆ ಸರಿದ ಖಡಿಯನ್ನು ನಡುವಿಗೆ ಎಳೆದು ಮಟ್ಟ ಮಾಡಬೇಕು. ಪೂರ್ತಿ ಒಣಗಿದ ಮೇಲೆ ಎಳೆದರೆ ಕೂರುವುದಿಲ್ಲ.

ಗುಂಡಿ ಬಿದ್ದರೆ ಅದರ ಮೇಲೆ ಬರೀ ಖಡಿ ಎಸೆಯಬೇಡಿ. ಮುಂದಿನ ಮಳೆಗೆ ಅದೇ ಜಾಗ ಮತ್ತೆ ಬಾಯಿ ತೆರೆಯುತ್ತದೆ. ನೀರು ತೆಗೆದು, ಗುಂಡಿಯನ್ನು ಅದರ ತಳದವರೆಗೆ ಚೌಕವಾಗಿ ಕಡಿದು, ಖಡಿ-ಡಸ್ಟ್ ಬೆರೆಸಿ ಎರಡು ಸಲ ದಮ್ಮಸು ಹಾಕಿ. ಅದಕ್ಕೆಂದೇ ಅರ್ಧ ಬ್ರಾಸ್ ಖಡಿ-ಡಸ್ಟ್ ಗೇಟಿನ ಪಕ್ಕ ತಾಡಪತ್ರಿ ಮುಚ್ಚಿ ಇಟ್ಟಿದ್ದೇವೆ. ಮೂರು ಮಳೆಗಾಲ ಆಯಿತು, ಇನ್ನೂ ಮುಕ್ಕಾಲು ಪಾಲು ಹಾಗೇ ಇದೆ.